ಎಂಟನೆಯ ಡಬ್ಬಿ

ನಮ್ಮಣ್ಣನನ್ನು ಊರೆಲ್ಲ ಕರೆಯುವುದು ಗಾಳಿ ಮೇಷ್ಟ್ರು ಎಂದು. ಪಾಠ ಹೇಳುವವನಲ್ಲ. ಉತ್ತರದ ಈ ಕೊನೆಯ ಊರಿನಲ್ಲಿ, ಬಯಲು ಗಾಳಿಯಲ್ಲಿ ವಿಕಿರಣ ಎಷ್ಟಿದೆಯೆಂದು ಇಪ್ಪತ್ತೊಂದು ವರ್ಷದಿಂದ ಅಳೆಯುತ್ತಿದ್ದಾನೆ. ಅದನ್ನು ಸೂಸುವುದು ಮಣ್ಣಿನಿಂದ ತಾನಾಗಿ ಏಳುವ ರೇಡಾನ್ ಎಂಬ ಅನಿಲವಂತೆ, ಬಣ್ಣವಿಲ್ಲ, ವಾಸನೆಯಿಲ್ಲ. ಏಳು ಕಂಬಗಳಿಗೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ನೇತುಹಾಕಿ, ಮೂರು ತಿಂಗಳಾದ ಮೇಲೆ ಬಿಚ್ಚಿ, ದೂರದ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸುವುದು ಅವನ ಕೆಲಸ. ಮೊಣಕಾಲುದ್ದ ಹಿಮ ಬಿದ್ದಿದ್ದರೂ ಹೋಗುತ್ತಾನೆ. ಮನೆಯ ನಲ್ಲಿ ಸೋರುತ್ತಿದೆ ಎಂದರೆ ಮಾತ್ರ ಕಿವಿಗೇ ಹಾಕಿಕೊಳ್ಳುವುದಿಲ್ಲ, ಆ ಮಾತು ಬೇರೆ.

ಕಳೆದ ಸಲ ಎಂಟು ಡಬ್ಬಿ ಬಂದವು. ಎಂಟನೆಯದು ತಾಳೆ ನೋಡಲು. ಅದರ ಕವರ್ ಒಡೆಯದೆ ಇಡಬೇಕಿತ್ತು. ಈ ಮಹಾಶಯ ಅಭ್ಯಾಸಬಲದಿಂದ ಎಂಟರ ಕವರನ್ನೂ ಹರಿದುಬಿಟ್ಟ. ಏಳು ಕಂಬಕ್ಕೆ ಹಾಕಿ ಉಳಿದದ್ದನ್ನು ಏನು ಮಾಡುವುದೆಂದು ತೋಚದೆ ಮಗಳ ಕೋಣೆಯ ಮೊಳೆಗೆ ಸಿಕ್ಕಿಸಿದ. ಕೊನೆಗೆ ಅದನ್ನೂ ಬಾಕಿಯವುಗಳ ಜೊತೆ ಸದ್ದಿಲ್ಲದೆ ಕಳಿಸಿದ.

ನಿನ್ನೆ ಮಧ್ಯಾಹ್ನ ಪ್ರಯೋಗಾಲಯದ ಮೇಡಂ ಫೋನ್ ಮಾಡಿದರು. ಅಣ್ಣ ಸ್ಪೀಕರ್ ಹಾಕಿದ.

“ಏನ್ರೀ, ಎಂಟನೇ ಡಬ್ಬಿನ ಯಾವ ಗಣಿ ಒಳಗೆ ಇಟ್ಟಿದ್ರಿ? ಬಯಲಿಗಿಂತ ನೂರಿಪ್ಪತ್ತು ಪಟ್ಟು ತೋರಿಸ್ತಿದೆ!”

“ಗಣಿ ಅಲ್ಲ ಮೇಡಂ... ಮಗಳ ಕೋಣೆ.”

ಮೇಡಂ ದನಿ ತಗ್ಗಿಸಿ ಕೇಳಿದರು. “ನೆಲಮಾಳಿಗೆನಾ? ಕಿಟಕಿ ತೆಗೀತೀರಾ?”

“ಹೌದು ಮೇಡಂ, ಕೆಳಗೇನೆ. ಕಿಟಕಿ ತೆಗೆಯೋದಿಲ್ಲ, ಚಳಿ ಅಂತ ಸಂದಿಗೆಲ್ಲ ಟೇಪ್ ಹಚ್ಚಿದೀವಿ.”

“ಬಯಲಲ್ಲಾದ್ರೆ ಆ ಅನಿಲ ಚದುರಿ ಹೋಗುತ್ತೆ. ಮುಚ್ಚಿದ ಕೋಣೇಲಿ ಹೋಗೋಕೆ ದಾರಿ ಎಲ್ಲಿದೆ? ಉಸಿರಿನ ಜೊತೆ ಶ್ವಾಸಕೋಶ ಸೇರುತ್ತೆ, ವರ್ಷಗಟ್ಟಲೆ ಸೇರಿದ್ರೆ ಕ್ಯಾನ್ಸರ್ ಆಗಬಹುದು. ಇವತ್ತೇ ಅವಳನ್ನ ಮೇಲೆ ಮಲಗಿಸಿ, ಡಾಕ್ಟರಿಗೂ ತೋರಿಸಿ. ಎಷ್ಟು ವರ್ಷದಿಂದ ಮಲಗ್ತಿದ್ದಾಳೆ?”

ಅಣ್ಣ ಬೆರಳು ಮಡಚಿ ಎಣಿಸತೊಡಗಿದ. ನಾನೇ ಹೇಳಿದೆ, “ಹನ್ನೊಂದು.”

ಅಯ್ಯೋ ದೇವರೇ! ತಾಯಿಯಿಲ್ಲದ ಮಗು, ಬೆಚ್ಚಗಿರಲಿ ಎಂದು ಆ ಕೋಣೆ ಕೊಡಿಸಿದವಳು ನಾನು. ಪ್ರತಿ ವರ್ಷ ಚಳಿಗೆ ಮೊದಲು, ಒಂದು ಎಳೆ ಗಾಳಿಯೂ ನುಸುಳದ ಹಾಗೆ ಟೇಪ್ ಹಚ್ಚಿದವಳೂ ನಾನೇ.

ಇಬ್ಬರೂ ಕೆಳಗೆ ಓಡಿದೆವು. ಅಣ್ಣ ಕಿಟಕಿಯ ಟೇಪನ್ನು ಉಗುರಿನಿಂದ ಪರಪರ ಕಿತ್ತ. ನಾನು ಮಂಚ ಎಳೆಯತೊಡಗಿದೆ. ಅಷ್ಟರಲ್ಲಿ ಹುಡುಗಿ ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಏನಾಯ್ತು ಅತ್ತೆ?”

ಒಂದನ್ನೂ ಮುಚ್ಚಿಡದೆ ಹೇಳಿದೆ. ಅವಳು ಅಪ್ಪನ ಕಡೆ ತಿರುಗಿದಳು.

“ಅಪ್ಪ, ಇಷ್ಟು ವರ್ಷ ಅಳೆದ್ಯಲ್ಲ, ಆ ಬಯಲಲ್ಲಿ ಯಾರು ಮಲಗ್ತಾರೆ?”

ಅಣ್ಣ ಮಂಚದ ಇನ್ನೊಂದು ತುದಿ ಹಿಡಿದು, “ಮೊದಲು ನೀನು ಮೇಲೆ ಹೋಗು” ಎಂದ.