ಅಂಗಳದೊಳಗಿನ ಇನ್ನೊಂದು ಮನೆ

ಫಕ್ರುನ್ನೀಸಾ ಕಳೆದ ಮಂಗಳವಾರ ಹುಮನಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಎದೆನೋವು. ವಯಸ್ಸು ಅರವತ್ತು ದಾಟಿತ್ತು. ಮಣ್ಣು ಬಸವಕಲ್ಯಾಣದಲ್ಲೇ ಆಯಿತು.

ಕೋಟೆಯ ಹಿಂದಿನ ಹಳೆಯ ಓಣಿಯಲ್ಲಿ ಸೀರೆಗಳಿಗೆ ಫಾಲ್ ಹಚ್ಚಿ ಬದುಕಿದವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗಳು ಫರ್ಹೀನ್‌ಳನ್ನು ಹುಮನಾಬಾದಿಗೆ ಕೊಟ್ಟಿದ್ದಳು. ಸೀರೆ ಕೊಡಲು ಹೋಗಿ ಹೋಗಿಯೇ ನಾನು ಅವಳ ಗೆಳತಿಯಾದದ್ದು. ನನ್ನ ಕೈಯಲ್ಲಿ ಪುಸ್ತಕ ಕಂಡರೆ, "ಮುಗೀತೇನು? ಕೊನಿಗಿ ಯಾರ್ ಸತ್ರು?" ಎಂದು ಕೇಳುತ್ತಿದ್ದಳು.

ಅವಳ ಅಂಗಳದ ಹಿಂಗೋಡೆಯಲ್ಲಿ ಒಂದು ಸಣ್ಣ ಕದವಿದೆ. ಈಗ ಅದರ ಮೇಲೆ ಬಿಳಿ ಬಣ್ಣದ ಅಂಕಿಯೂ ಇದೆ. ಕದದಾಚೆ ಕೇಶರಬಾಯಿಯ ಕೋಣೆ. ಆ ಮುದುಕಿಯ ಬೀದಿಕಡೆಯ ಗೋಡೆ ಕುಸಿದು ದಾರಿ ಮುಚ್ಚಿದ ಮೇಲೆ, ಹೋಗಿಬರಲು ಫಕ್ರುನ್ನೀಸಾಳ ಅಂಗಳವೇ ಗತಿ. ಒಲೆ ಬೇರೆ, ರೇಷನ್ ಬೇರೆ. ಆದರೆ ಒಳಗಿನ ಕದದಿಂದ ಬರುವವರನ್ನು ಬೇರೆ ಮನೆಯವರು ಎನ್ನುವುದು ಆ ಓಣಿಯಲ್ಲಿ ಬೈಗುಳಕ್ಕೆ ಸಮ.

ಕಳೆದ ವರ್ಷ ಓಣಿಯನ್ನು ಹೊಸದಾಗಿ ಕಟ್ಟುವ ಯೋಜನೆ ಬಂತು. ಬಡವರನ್ನು ಊರಾಚೆ ಸಾಗಿಸಬೇಡಿ, ಇದ್ದಲ್ಲೇ ಉಳಿಸಿ ಎಂದು ಸಭೆಗಳಲ್ಲಿ ಹಟ ಹಿಡಿದವರಲ್ಲಿ ಫಕ್ರುನ್ನೀಸಾ ಮುಂದಿದ್ದಳು. ಯೋಜನೆಯವರು ಒಪ್ಪಿದರು: ಎಣಿಕೆಗೆ ಸಿಕ್ಕ ಪ್ರತಿ ಮನೆಗೂ ಅದೇ ಓಣಿಯಲ್ಲಿ ಒಂದು ಮನೆ.

ಎಣಿಸಲು ಬಂದ ಮೇಘಾ ಎಂಬ ಹುಡುಗಿ ಅಂಗಳದಲ್ಲಿ ನಿಂತು, "ಒಳಗ ಬ್ಯಾರೆ ಮನಿ ಅದಾವೇನ್ರಿ?" ಎಂದಳು.

"ಛೇ, ಬ್ಯಾರೆ ಎಲ್ಲಿದು? ಎಲ್ಲಾ ಒಂದ ಮನಿ," ಎಂದಳು ಫಕ್ರುನ್ನೀಸಾ. ಪಕ್ಕದಲ್ಲಿ ಕೂತಿದ್ದ ಕೇಶರಬಾಯಿಯೂ ಹೌದೆಂದು ತಲೆಯಾಡಿಸಿದಳು.

ಬಾಗಿಲುಗಳ ಮೇಲೆ ಅಂಕಿ ಬಿದ್ದವು. ಸಣ್ಣ ಕದಕ್ಕೆ ಬೀಳಲಿಲ್ಲ. ನಾಳೆ ಹೊಸ ಓಣಿ ಎದ್ದು ನಿಂತಾಗ ಕೇಶರಬಾಯಿಗೆ ಮನೆ ಸಿಗುವುದಿಲ್ಲ ಎಂಬುದು ಇಬ್ಬರಿಗೂ ಆಗ ತಿಳಿಯಿತು.

ಮುಂದಿನ ಸಭೆಯಲ್ಲಿ ಫಕ್ರುನ್ನೀಸಾ ಎದ್ದು ನಿಂತಳು. "ಕೇಶರಬಾಯಿ ನಮ್ಮ ಮನಿಯಾಕಿ ಅಲ್ರಿ. ಆಕಿದು ಬ್ಯಾರೇನ ಮನಿ."

ಹಾಗೆ ಹೇಳದೆ ಬೇರೆ ದಾರಿಯಿರಲಿಲ್ಲ. ಆದರೂ ಕೇಶರಬಾಯಿ ಸೆರಗು ಜಾಡಿಸಿ ಹೊರನಡೆದಳು. ಮತ್ತೊಮ್ಮೆ ಬಂದು ನೋಡುತ್ತೇವೆ ಎಂದರು ಯೋಜನೆಯವರು.

ಮಾತು ನಿಂತಿತು. ಓಡಾಟ ಮಾತ್ರ ಅದೇ ಅಂಗಳದಲ್ಲಿ, ಮುಖ ತಿರುಗಿಸಿಕೊಂಡು. ಒಂದು ದಿನ ನಾನು ಅಲ್ಲಿದ್ದಾಗಲೇ ಮುದುಕಿ ನಿಂತು ಕೇಳಿದಳು:

"ದಿನಾ ಮಂದಿ ಅಂಗಳದಾಗ ಹಾಯಾಕತ್ತೇನಿ. ಬಾಡಿಗಿ ಕೊಡ್ಲೇನು, ಫಕ್ರೂ?"

"ಕೊಡು ಬಾಯಿ. ದಿನಾ ಎರಡು ಬಿಸಿ ರೊಟ್ಟಿ."

"ನಿನ ಬಾಯಾಗ ಮಣ್ಣ ಹಾಕ," ಎಂದು ಕೇಶರಬಾಯಿ ಒಳಗೆ ಹೋಗಿ ರೊಟ್ಟಿ ತಂದಳು.

ಯೋಜನೆಯವರು ಸೋಮವಾರ ಬರುವುದಿತ್ತು. ಬೀಗ ಕಂಡರೆ ಮುಂದೆ ಹೋಗುತ್ತೇವೆ ಎಂದು ಮೊದಲೇ ಸಾರಿದ್ದರು. ಭಾನುವಾರ ಫಕ್ರುನ್ನೀಸಾಳಿಗೆ ಎದೆ ಹಿಡಿದುಕೊಂಡಿತು. ಫರ್ಹೀನ್ ಗಾಡಿ ತಂದು ತಾಯಿಯನ್ನು ಕೂರಿಸಿದಳು. ಕೇಶರಬಾಯಿಯೂ ಹತ್ತಿ ಪಕ್ಕದಲ್ಲಿ ಕೂತಳು.

"ನೀ ಇಳಿ ಬಾಯಿ."

"ಇಳಿಯಂಗಿಲ್ಲ. ನಿನ್ನ ಹಿಂಗ ಬಿಟ್ಟು ಹ್ಯಾಂಗ ಇರ್ಲಿ?"

"ನಾಳಿ ಅವ್ರು ಬರ್ತಾರ. ನೀನೂ ಇಲ್ಲಂದ್ರ ಬೀಗ ನೋಡಿ ಹೋಗ್ತಾರ. ಇಳಿ, ಮುಂಬಾಗ್ಲಾ ತೆರದಿಟ್ಟು ಕೂಡು."

ಕೇಶರಬಾಯಿ ಅಳುತ್ತ ಇಳಿದಳು. ಫಕ್ರುನ್ನೀಸಾ ಗಾಡಿಯ ಕಿಟಕಿಯಿಂದ ಕೈ ಚಾಚಿ, ತನ್ನ ಮನೆಯ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದಳು.