ಕುಂಕುಮ ಮೆತ್ತಿದ ವೈಫೈ ಡಬ್ಬಿ

ಹಣೆಯ ಮೇಲೆ ಅಂಗಾರ-ಅಕ್ಷತೆ, ಎಡ ಮುಂಗೈ ಮೇಲೆ ತೆರೆದ ಲ್ಯಾಪ್‌ಟಾಪ್. ನಮ್ಮ ನೆಟ್‌ವರ್ಕ್ ಸರ್ ಅದನ್ನು ಆರತಿ ತಟ್ಟೆಯಂತೆ ಹಿಡಿದು, ತಲೆ ಎತ್ತಿ ಚಾವಣಿ ನೋಡುತ್ತಾ ಆಫೀಸಿನ ತುಂಬ ಓಡಾಡುತ್ತಿದ್ದರು. ಎದುರಿಗೆ ಬಂದವರೇ ದಾರಿ ಬಿಡಬೇಕು.

ತೋರಣಗಲ್ಲಿನ ಆ ಗುತ್ತಿಗೆ ಕಂಪನಿಯ ಆಫೀಸಿನಲ್ಲಿ ಚಾವಣಿಗೆ ಅಲ್ಲಲ್ಲಿ ವೈಫೈ ಡಬ್ಬಿಗಳಿದ್ದವು. ಎಲ್ಲಕ್ಕೂ ಒಂದೇ ಹೆಸರು. ನಮ್ಮ ಕಂಪ್ಯೂಟರ್ ಯಾವ ಡಬ್ಬಿ ಹಿಡಿದಿದೆ ಎಂದು ನಮಗಾರಿಗೂ ತಿಳಿಯುತ್ತಿರಲಿಲ್ಲ. ನೆಟ್ ನಿಧಾನ ಎಂದು ದೂರಿದರೆ ಸರ್ ಒಂದು ಕಪ್ಪು ಪರದೆ ತೆರೆದು, ಏನೋ ಟೈಪ್ ಮಾಡಿ, ಡಬ್ಬಿಯ ವಿಳಾಸದ ಕೊನೆಯ ಅಕ್ಷರಗಳನ್ನು ಓದುತ್ತಿದ್ದರು. ಅವೇ ಅಕ್ಷರಗಳು ಡಬ್ಬಿಗೆ ಅಂಟಿಸಿದ ಚೀಟಿಯ ಮೇಲೂ ಇರುತ್ತವೆ. ನೆತ್ತಿಯ ಮೇಲೇ ಒಂದು ಡಬ್ಬಿ ಇದ್ದರೂ ಕಂಪ್ಯೂಟರ್ ಎಷ್ಟೋ ಸಲ ದೂರದ್ದಕ್ಕೆ ಜೋತುಬಿದ್ದಿರುತ್ತಿತ್ತು.

"ಸಿಗ್ನಲ್ ಗೆರಿ ಎಷ್ಟವ ಅಂತ ನೋಡಬ್ಯಾಡ ತಂಗಿ. ಯಾರ ಮನ್ಯಾಗ ಊಟ ಮಾಡ್ಲಿಕತ್ತದ, ಅದನ್ನ ಮೊದಲ ಕೇಳು" ಎನ್ನುತ್ತಿದ್ದರು.

ಆಗ ನಾನು ಗುತ್ತಿಗೆಯ ನೌಕರಳು. ದಸರಾ ರಜೆ ಮುಗಿದ ಮರುದಿನ ಪುಣೆಯ ಹಿರಿಯ ಅಧಿಕಾರಿಗಳಿಗೆ ವಿಡಿಯೊದಲ್ಲಿ ನನ್ನ ಕೆಲಸ ವಿವರಿಸಬೇಕಿತ್ತು. ಒಪ್ಪಿದರೆ ಕಾಯಂ, ಇಲ್ಲವಾದರೆ ಮನೆ. ನನಗಿಂತ ಸರ್‌ಗೇ ಹೆಚ್ಚು ಆತಂಕ. ನನ್ನ ಲ್ಯಾಪ್‌ಟಾಪ್ ಅತ್ತಿತ್ತ ಅಲೆಯದಿರಲೆಂದು, ಮೆಟ್ಟಿಲ ಪಕ್ಕದ ಕೋಣೆಯ ಡಬ್ಬಿಯೊಂದಕ್ಕೇ ಅದನ್ನು ಹಬ್ಬದ ಮೊದಲೇ ಕಟ್ಟಿಹಾಕಿದ್ದರು.

ಆದರೆ ಆಯುಧಪೂಜೆಯ ದಿನ ಅವರ ಭಕ್ತಿ ಉಕ್ಕಿತು. ಜೀಪು, ಮಷಿನ್‌ಗಳ ಜೊತೆ ವೈಫೈ ಡಬ್ಬಿಗಳಿಗೂ ಪೂಜೆಯಾಗಲೇಬೇಕೆಂದು ಎಲ್ಲವನ್ನೂ ಇಳಿಸಿ, ಒರೆಸಿ, ಚೀಟಿ ಕಾಣದಷ್ಟು ಗಂಧ-ಕುಂಕುಮ ಮೆತ್ತಿದರು. ಮಂಡಕ್ಕಿ, ಬಾಳೆಹಣ್ಣು ಕೈಗೆ ಬಂದದ್ದೇ ತಡ, ಕಂಪನಿ ಬಸ್ಸು ಹಾರ್ನ್ ಹಾಕಿತು. ಸಿಕ್ಕವರು ಸಿಕ್ಕ ಡಬ್ಬಿಯನ್ನು ಸಿಕ್ಕ ಜಾಗಕ್ಕೆ ತಗುಲಿಸಿ ಓಡಿದರು.

ರಜೆ ಮುಗಿಯಿತು. ಮೆಟ್ಟಿಲ ಪಕ್ಕದ ಆ ಕೋಣೆಯಲ್ಲಿ ಕೂತು ನಾನು ಮಾತು ಶುರುಮಾಡಿದ ಸ್ವಲ್ಪ ಹೊತ್ತಿಗೇ ಪುಣೆಯವರ ಮುಖಗಳು ಬಾಯಿ ತೆರೆದಂತೆಯೇ ನಿಂತುಬಿಟ್ಟವು. ಬಾಗಿಲಿಗೆ ಓಡಿ ಸರ್ ಅವರನ್ನು ಕೂಗಿದೆ. ಸರ್ ಬಂದು ಕಪ್ಪು ಪರದೆ ನೋಡಿದರು. ಲ್ಯಾಪ್‌ಟಾಪ್ ಕಟ್ಟಿಹಾಕಿದ ಡಬ್ಬಿಯನ್ನೇ ಹಿಡಿದಿತ್ತು. ಕುರ್ಚಿ ಹತ್ತಿ, ತಲೆಯ ಮೇಲಿನ ಡಬ್ಬಿಯ ಕುಂಕುಮ ಒರೆಸಿ ಚೀಟಿ ಓದಿದವರೇ ನಕ್ಕುಬಿಟ್ಟರು. ಅದು ಕ್ಯಾಂಟೀನಿನದು. ನನ್ನ ಡಬ್ಬಿ ಕ್ಯಾಂಟೀನಿಗೆ ಹೋಗಿ ಕೂತಿತ್ತು.

ಕಟ್ಟು ಬಿಚ್ಚಿದರೆ ಕರೆಯೇ ಕಡಿದುಹೋಗುತ್ತದೆ. "ಬಿಚ್ಚೂದು ಬ್ಯಾಡ. ನಾವ ಅದರ ಮನಿಗೆ ಹೋಗೂಣು, ನಡಿ" ಎಂದು ಸರ್ ಲ್ಯಾಪ್‌ಟಾಪನ್ನು ಮುಂಗೈ ಮೇಲೆ ಹೊತ್ತು ಹೊರಟೇಬಿಟ್ಟರು. ಹಿಂದೆ ನಾನು. ಕ್ಯಾಂಟೀನ್ ಬಾಗಿಲು ದಾಟುತ್ತಲೇ ಪುಣೆಯವರ ಬಾಯಿ ಮುಚ್ಚಿತು, ಕಣ್ಣು ಮಿಟುಕಿತು. ಮಿರ್ಚಿ ಕರಿಯುತ್ತಿದ್ದ ಅಡುಗೆಯವರು ಒಲೆ ಆರಿಸಿದರು. ತಿನ್ನುತ್ತಿದ್ದವರು ಅಗಿಯುವುದನ್ನೂ ನಿಲ್ಲಿಸಿದರು. ಮೇಜಿನ ಮೇಲೆಲ್ಲ ಚಟ್ನಿ ಚೆಲ್ಲಿದ್ದರಿಂದ ಸರ್ ನನ್ನ ಮಾತು ಮುಗಿಯುವವರೆಗೂ ಲ್ಯಾಪ್‌ಟಾಪ್ ಹಿಡಿದೇ ನಿಂತಿದ್ದರು.

ಆ ತಿಂಗಳೇ ನನ್ನ ಕೆಲಸ ಕಾಯಂ ಆಯಿತು.

ಸರ್ ಈಗ ನಿವೃತ್ತರಾಗಿ ಹೊಸಪೇಟೆಯಲ್ಲಿದ್ದಾರೆ. ಆಯುಧಪೂಜೆಗೆ ಡಬ್ಬಿ ಇಳಿಸುವ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಕುಂಕುಮ ಮಾತ್ರ ಚೀಟಿ ಬಿಟ್ಟು ಹಚ್ಚುತ್ತೇನೆ. ಈ ಸಲ ಪೂಜೆ ತೋರಿಸಲೆಂದು ಅವರಿಗೆ ವಿಡಿಯೊ ಕರೆ ಮಾಡಿದಾಗ ಚಿತ್ರ ತಡವರಿಸಿತು. ಅಂಗಾರ-ಅಕ್ಷತೆಯ ಹಣೆಯನ್ನು ಪರದೆಗೆ ಒತ್ತಿದಂತೆ ಹತ್ತಿರ ಬಂದು ಕೇಳಿದರು.

"ಯಾರ ಮನ್ಯಾಗ ಊಟ ಮಾಡ್ಲಿಕತ್ತೀ ತಂಗಿ?"

"ಅವತ್ತಿಂದ ನಿಮ್ಮನ್ಯಾಗ ಉಣ್ಣಾಕತ್ತೀನ್ರಿ ಸರ್" ಎಂದೆ.