ನಿನ್ನೆ ಏನುಂಡಿರಿ ಎಂದು ಕೇಳಿದ ಮಹಾಮಾಯಾ

ಮಹಾಮಾಯಾ ಭಾಲ್ಕಿ ತಾಲೂಕಿನ ಸಾಯಗಾಂವದವಳು. ತಾಯಿ ತೀರಿಕೊಂಡ ಮೇಲೆ ಊರಿನಲ್ಲಿ ಅವಳಿಗೆ ತನ್ನವರೆನ್ನುವವರು ಉಳಿಯಲಿಲ್ಲ. ಬೀದರದ ಒಂದು ಸಂಸ್ಥೆ ಬಡ ಹಳ್ಳಿಗಳ ಉರ್ದು ಶಾಲೆಗಳಲ್ಲಿ ಆಹಾರದ ಪಾಠ ಹೇಳುವವರನ್ನು ಹುಡುಕುತ್ತಿತ್ತು. ನಲವತ್ತೊಂದರ ವಯಸ್ಸಿನಲ್ಲಿ ಅವಳು ಆ ಕೆಲಸ ಹಿಡಿದು ಔರಾದಿಗೆ ಬಂದು ಒಂದು ಕೋಣೆ ಬಾಡಿಗೆಗೆ ಪಡೆದಳು. ಅಲ್ಲಿಂದ ದಿನಾ ಬಸ್ಸಿನಲ್ಲಿ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಹೋಗಿಬರುತ್ತಿದ್ದಳು. ಓಣಿಯಲ್ಲಿ ಯಾರ ಪರಿಚಯವೂ ಇರಲಿಲ್ಲ. ಎಷ್ಟೋ ದಿನ ಶಾಲೆ ಬಿಟ್ಟ ಮೇಲೆ ಮರುದಿನ ಶಾಲೆ ತಲುಪುವವರೆಗೆ ಅವಳು ಬಾಯಿ ತೆರೆಯುತ್ತಲೇ ಇರಲಿಲ್ಲ.

ಪಾಠಕ್ಕೆಂದು ಬೀದರದ ಗಾಂಧಿ ಗಂಜ್ ಮಾರುಕಟ್ಟೆಯಿಂದ ತೊಗರಿ, ಹೆಸರು, ಕಡಲೆ ತಂದು ಬಾಟಲಿಗಳಲ್ಲಿ ತುಂಬಿಟ್ಟಿದ್ದಳು. ಮಕ್ಕಳು ಅವನ್ನು ಅಲ್ಲಾಡಿಸಿ ಸದ್ದು ಕೇಳುತ್ತಿದ್ದರು. ಒಂದು ದಿನ ಹೇಳಿದಳು, "ನಿನ್ನಿ ಸಂಜಿಕಿ ಮನ್ಯಾಗ ಏನುಂಡೀರಿ, ಚಿತ್ರ ತೆಗೀರಿ."

ಎರಡನೆಯ ತರಗತಿಯ ಗುಡಿಯಾ ಹಾಳೆ ತುಂಬ ಬರೆದಿದ್ದಳು. ತತ್ತಿ, ಮೀನು, ಬಾಳೆಹಣ್ಣು, ಒಂದು ಗ್ಲಾಸು ಹಾಲು. ಮಹಾಮಾಯಾ ಹಿಗ್ಗಿ, ಆ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಝೂಟ್ ಮೇಡಂ," ಪಕ್ಕದ ಮನೆಯ ನಾಜಿಯಾ ಎದ್ದು ನಿಂತಳು. "ಇವರ ಮನ್ಯಾಗ ನಿನ್ನಿ ಒಲಿನೇ ಹಚ್ಚಿಲ್ರಿ. ನಮ್ಮ ಮನಿಗಿ ಬಂದು ರೊಟ್ಟಿ ಒಯ್ದಾಳ."

ಮಕ್ಕಳೆಲ್ಲ ನಕ್ಕರು. ಗುಡಿಯಾ ಹಾಳೆ ಕಸಿದುಕೊಂಡು ಅಂಗೈಯಿಂದ ಚಿತ್ರವನ್ನು ತಿಕ್ಕತೊಡಗಿದಳು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನಾಲ್ಕನೆಯ ದಿನ ಮಹಾಮಾಯಾ ಅವರ ಮನೆಗೆ ಹೋದಳು. ಗುಡಿಯಾಳ ಅಜ್ಜಿ ಅಕ್ತರಬೀ ಹೊಸ್ತಿಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಗುಡಿಯಾಗ ಆರಾಮಿಲ್ಲೇನ್ರಿ ಖಾಲಾ?"

"ಆರಾಮ ಅದಾಳ." ಮುದುಕಿ ತಲೆ ಎತ್ತಲಿಲ್ಲ. "ನಮ್ಮ ಒಲಿ ಹತ್ತತದೋ ಇಲ್ಲೋ, ಅದು ನಿಮ್ಮ ಸಾಲ್ಯಾಗ ಯಾಕ ಬೇಕ್ರಿ?"

"ತಪ್ಪಾಯ್ತ್ರಿ. ಮಕ್ಕಳು ಛಲೋ ಉಣ್ಲಿ ಅಂತ..."

"ಛಲೋ ಯಾವುದು ಅಂತ ನಮಗ ಗೊತ್ತಿಲ್ಲೇನ್ರಿ? ಇಡೀ ಜಲ್ಮ ಮಂದಿ ಹೊಲದಾಗ ತೊಗರಿ ಕೊಯ್ದೀನಿ. ಬೇಳಿ ಉಣ್ರಿ ಅಂತ ನೀವು ನಂಗ ಹೇಳ್ತೀರಿ?"

ಕುಳಿತುಕೊಳ್ಳಿ ಎಂದೂ ಅನ್ನಲಿಲ್ಲ. ಮಹಾಮಾಯಾ ಬಸ್ಸಿನ ದಾರಿ ಹಿಡಿದಳು. ಮತ್ತೆರಡು ಸಲ ಹೋದರೂ ಹುಡುಗಿ ಹೊರಗೆ ಬರಲಿಲ್ಲ. ವಾರದ ನಂತರ ಮುಖ್ಯಗುರು ಬದ್ರೋದ್ದೀನ ಹೇಳಿದರು: ಹೈದರಾಬಾದಿಗೆ ದುಡಿಯಲು ಹೋಗಿದ್ದ ತಾಯಿ ಬಂದು ಗುಡಿಯಾಳನ್ನು ಕರೆದುಕೊಂಡು ಹೋಗಿದ್ದಾಳೆ.

ಮಹಾಮಾಯಾ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಬರೀ ಬಾಟಲಿ ತೋರಿಸಿ ಹೆಸರು ಹೇಳಿಸಿ ಬರುತ್ತಿದ್ದಳು. ಮಕ್ಕಳು ಆಕಳಿಸತೊಡಗಿದರು. ಒಂದು ದಿನ ಪಾಠದ ನಡುವೆ ತಟ್ಟನೆ ಬಾಟಲಿ ಕೆಳಗಿಟ್ಟಳು.

"ನಿನ್ನಿ ನಾ ಏನುಂಡೀನಿ ಹೇಳ್ಲಿ? ಚಹಾದಾಗ ಟೋಸ್ಟ್ ಅದ್ದಿ ತಿಂದು ಮಕ್ಕೊಂಡೀನಿ. ಮೊನ್ನಿನೂ ಅದೇ."

"ನಿಮ್ಮ ಮನ್ಯಾಗ ಜ್ವಾಳ ಇಲ್ಲೇನ್ರಿ ಮೇಡಂ?" ನಾಜಿಯಾ ಕೇಳಿದಳು.

"ಅದಾವ. ಒಬ್ಬಾಕಿಗಿ ಅಡಗಿ ಮಾಡ್ಕೊಳಾಕ ಮನಸಾಗಲ್ಲ."

ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಬುದ್ಧಿ ಹೇಳಲು ಶುರು ಮಾಡಿದರು. ಪುಂಡಿಸೊಪ್ಪಿನ ಪಲ್ಯಕ್ಕೆ ಬೇಳೆ ಹಾಕಿ ಕುದಿಸಿದರೆ ಬೇರೇನೂ ಬೇಡ ಎಂದಳು ಒಬ್ಬಳು. ಬದುವಿನ ಮೇಲೆ ಯಾವ ಸೊಪ್ಪು ಸಿಗುತ್ತದೆ ಎಂದು ಇನ್ನೊಬ್ಬಳಿಗೆ ಗೊತ್ತಿತ್ತು. "ಬರೇ ಚಹಾ ಕುಡದ್ರ ಹಸಿವಿ ಸಾಯ್ತದ, ತಾಕತ್ ಬರಲ್ರಿ," ಎಂದು ನಾಜಿಯಾ ಗದರಿಸಿದಳು. ಅದೇ ಮಾತನ್ನು ಪಾಠದಲ್ಲಿ ಎಂಟು ತಿಂಗಳಿಂದ ಹೇಳುತ್ತಿದ್ದವಳು ಮಹಾಮಾಯಾ.

ಅಂದಿನಿಂದ ಪಾಠ ಹಾಗೇ ನಡೆಯಿತು. ಅವಳು ತನ್ನ ಊಟ ಹೇಳುತ್ತಿದ್ದಳು, ಮಕ್ಕಳು ತಿದ್ದುತ್ತಿದ್ದರು. ಕೆಲವು ತಾಯಂದಿರೂ ಬಾಗಿಲಲ್ಲಿ ನಿಂತು ಕೇಳುವುದಿತ್ತು. ಅಕ್ತರಬೀ ಮಾತ್ರ ದಾರಿಯಲ್ಲಿ ಎದುರಾದರೆ ಸೆರಗು ಮುಂದೆಳೆದುಕೊಂಡು ಹೋಗಿಬಿಡುತ್ತಿದ್ದಳು. ಗುಡಿಯಾ ಹೈದರಾಬಾದಿನಲ್ಲಿ ಶಾಲೆಗೆ ಹೋಗುತ್ತಾಳೋ ಇಲ್ಲವೋ, ಕೇಳುವ ಧೈರ್ಯ ಮಹಾಮಾಯಾಳಿಗೆ ಕೊನೆಗೂ ಆಗಲಿಲ್ಲ.

ಒಂದು ಸಂಜೆ ಬೇಳೆ ಹಾಕಿ ಪುಂಡಿಪಲ್ಯ ಮಾಡಿದಳು. ಒಬ್ಬರಿಗೆಷ್ಟು ಎಂಬ ಅಳತೆ ಅವಳ ಕೈಗೆ ಇನ್ನೂ ಬಂದಿರಲಿಲ್ಲ, ಪಾತ್ರೆ ತುಂಬಿತು. ಬಾಗಿಲು ತೆರೆದಿಟ್ಟು ಬಿಸಿರೊಟ್ಟಿಯ ಜೊತೆ ಉಂಡಳು. ಓಣಿಯಲ್ಲಿ ಯಾರೂ ಹಾದುಹೋಗಲಿಲ್ಲ. ಉಳಿದದ್ದನ್ನು ಮುಚ್ಚಿ ಬೆಳಗಿಗಿಟ್ಟಳು.